ಖಿನ್ನತೆಯ ಮಾತ್ರೆ ತಗೊಳ್ಳುವಾಗ ಕಣ್ಣಲ್ಲಿ ಬದಲಾವಣೆ ಕಂಡರೆ: ಏನು ನೋಡಬೇಕು, ಯಾರಿಗೆ ಹೇಳಬೇಕು, ಯಾವಾಗ ಓಡಬೇಕು

ಖಿನ್ನತೆಗೋ ಆತಂಕಕ್ಕೋ ಮಾತ್ರೆ ಶುರುವಾಗಿ ಕೆಲವು ದಿನ ಆಗಿರುತ್ತದೆ. ಪೇಪರ್ ಓದಲು ಕೂತರೆ ಅಕ್ಷರ ಮಂಜಾಗುತ್ತದೆ. ಕನ್ನಡಿ ನೋಡಿದರೆ ಕಣ್ಣಿನ ಪಾಪೆ ದೊಡ್ಡದಾದಂತೆ ಕಾಣುತ್ತದೆ. ರಾತ್ರಿ ಎದುರಿನ ಗಾಡಿಯ ಹೆಡ್‌ಲೈಟ್ ಮೊದಲಿಗಿಂತ ಜಾಸ್ತಿ ಚುಚ್ಚುತ್ತದೆ. ಆಗ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಕೆಲವರು ಹೆದರಿ ಅವತ್ತೇ ಮಾತ್ರೆ ಬಿಟ್ಟುಬಿಡುತ್ತಾರೆ. ಉಳಿದವರು ಚಾಳೀಸು ಬಂತು ಅಂತ ಕನ್ನಡಕದ ಅಂಗಡಿಗೆ ಹೋಗುತ್ತಾರೆ. ಎರಡೂ ಬೇಡ. ಈ ಬದಲಾವಣೆಗಳಲ್ಲಿ ಹೆಚ್ಚಿನವು ತಾವಾಗಿ ಕಡಿಮೆಯಾಗುತ್ತವೆ ಅಥವಾ ಡೋಸ್ ಸ್ವಲ್ಪ ಬದಲಿಸಿದರೆ ಸರಿಹೋಗುತ್ತವೆ. ಆದರೆ ಅಪರೂಪಕ್ಕೆ ಬರುವ ಒಂದು ತೊಂದರೆ ಕೆಲವೇ ಗಂಟೆಗಳಲ್ಲಿ ದೃಷ್ಟಿಗೆ ಕುತ್ತು ತರುತ್ತದೆ. ಅದನ್ನು ಗುರುತಿಸಲು ಗೊತ್ತಿದ್ದರೆ ಉಳಿದವನ್ನು ಸಮಾಧಾನವಾಗಿ ನೋಡಿಕೊಳ್ಳಬಹುದು.

ಮೊದಲು ಇದನ್ನು ಓದಿ: ಕಾಯಬಾರದ ಲಕ್ಷಣಗಳು

ಕಣ್ಣಿನ ಒಳಗೆ ಸದಾ ನೀರಿನಂಥ ದ್ರವ ಹುಟ್ಟುತ್ತಿರುತ್ತದೆ, ಹರಿದು ಹೋಗುತ್ತಿರುತ್ತದೆ. ಅದು ಹೊರಗೆ ಹೋಗುವ ಜಾಗ ಕರಿಗುಡ್ಡೆಯ ಅಂಚಿನಲ್ಲಿರುವ ಸಣ್ಣ ಕೋನ. ಕೆಲವರಿಗೆ ಹುಟ್ಟಿನಿಂದಲೇ ಈ ಕೋನ ಇಕ್ಕಟ್ಟು. ಅಂಥವರ ಪಾಪೆ ಮಾತ್ರೆಯಿಂದ ಹಿಗ್ಗಿದರೆ ಕಣ್ಣೊಳಗಿನ ಬಣ್ಣದ ಪರದೆ ಅಂಚಿಗೆ ಸರಿದು, ಬಚ್ಚಲಿನ ತೂತಿಗೆ ಬಟ್ಟೆ ಬಿದ್ದಂತೆ, ದಾರಿ ಮುಚ್ಚಿಬಿಡಬಹುದು. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದ ಒಳಗಿರುತ್ತದೆ. ಹೀಗಾದಾಗ 40, 50 ದಾಟುತ್ತದೆ. ಇದಕ್ಕೆ ಆಂಗಲ್ ಕ್ಲೋಷರ್ ಗ್ಲಾಕೋಮಾ ಎನ್ನುತ್ತಾರೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಖಿನ್ನತೆಯ ಮಾತ್ರೆಗಳ ಮಾಹಿತಿ ಹಾಳೆಯಲ್ಲಿ ಇದರ ಎಚ್ಚರಿಕೆಯನ್ನು ಸೇರಿಸಿದೆ.

ಇದು ಹೀಗೆ ಬರುತ್ತದೆ:

- ಒಂದು ಕಣ್ಣಿನಲ್ಲಿ, ಕೆಲವೊಮ್ಮೆ ಎರಡರಲ್ಲೂ, ತಡೆಯಲಾಗದ ನೋವು. ಹುಬ್ಬು, ಹಣೆ, ತಲೆಯ ಆ ಬದಿಗೂ ಹರಡುತ್ತದೆ.
- ಕಣ್ಣು ಕೆಂಪು, ದೃಷ್ಟಿ ಮಸುಕು.
- ಬಲ್ಬ್ ನೋಡಿದರೆ ಸುತ್ತ ಕಾಮನಬಿಲ್ಲಿನ ಬಣ್ಣದ ಬಳೆ.
- ಹೊಟ್ಟೆ ತೊಳಸುವುದು, ವಾಂತಿ.
- ಪಾಪೆ ದೊಡ್ಡದಾಗಿಯೇ ನಿಂತಿರುತ್ತದೆ, ಟಾರ್ಚ್ ಬಿಟ್ಟರೂ ಕಿರಿದಾಗುವುದಿಲ್ಲ.

ನಮ್ಮ ಮನೆಗಳಲ್ಲಿ ಇದು ದಾರಿ ತಪ್ಪುವುದು ವಾಂತಿಯ ಹತ್ತಿರ. ಸಂಜೆ ದೀಪ ಆರಿಸಿ ಟಿವಿ ನೋಡುತ್ತಿದ್ದ ಅಮ್ಮನಿಗೆ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. "ಪಿತ್ತ ಆಗಿದೆ" ಅಂತ ಒಬ್ಬರು, "ಮೈಗ್ರೇನ್ ಇರ್ಬೇಕು" ಅಂತ ಇನ್ನೊಬ್ಬರು. ಶುಂಠಿ ಕಷಾಯ ಕೊಟ್ಟು, ಕಿಟಕಿ ಮುಚ್ಚಿ, ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಾರೆ. ಕತ್ತಲಲ್ಲಿ ಪಾಪೆ ಇನ್ನಷ್ಟು ಹಿಗ್ಗುತ್ತದೆ, ಕೋನ ಇನ್ನಷ್ಟು ಬಿಗಿಯುತ್ತದೆ. ಅದಕ್ಕೇ ತಲೆನೋವು ಮತ್ತು ವಾಂತಿ ಜೊತೆಯಾಗಿ ಬಂದಾಗ ಒಂದೊಂದೇ ಕಣ್ಣು ಮುಚ್ಚಿಸಿ "ಈಗ ಕಾಣ್ತಿದೆಯಾ?" ಅಂತ ಕೇಳಿ. ಒಂದು ಕಣ್ಣು ಕೆಂಪಾಗಿ ಮಸುಕಾಗಿದ್ದರೆ ದೀಪ ಹಾಕಿಯೇ ಇಡಿ. ಕಣ್ಣು ಒತ್ತಬೇಡಿ, ಪಟ್ಟಿ ಕಟ್ಟಬೇಡಿ, ಮನೆಯಲ್ಲಿರುವ ಹಳೆಯ ಡ್ರಾಪ್ಸ್ ಹಾಕಬೇಡಿ. ಬೆಳಗಾಗಲಿ ಅನ್ನದೆ ಕಣ್ಣಿನ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೊರಡಿ. ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ. ಬೇರೆ ಊರುಗಳಲ್ಲಿ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗ. ಗಾಡಿ ಇಲ್ಲದಿದ್ದರೆ 108. ಹೋಗುವಾಗ ತಗೊಳ್ಳುತ್ತಿರುವ ಎಲ್ಲಾ ಮಾತ್ರೆಗಳ ಸ್ಟ್ರಿಪ್ ಚೀಲಕ್ಕೆ ಹಾಕಿಕೊಳ್ಳಿ.

ಅಲ್ಲಿ ಒತ್ತಡ ಇಳಿಸುವ ಡ್ರಾಪ್ಸ್ ಮತ್ತು ಮಾತ್ರೆ ಕೊಡುತ್ತಾರೆ, ಬೇಕಾದರೆ ಮ್ಯಾನಿಟಾಲ್ ಡ್ರಿಪ್ ಹಾಕುತ್ತಾರೆ. ಆಮೇಲೆ ಲೇಸರ್‌ನಿಂದ ಆ ಬಣ್ಣದ ಪರದೆಯಲ್ಲಿ ಒಂದು ಸಣ್ಣ ರಂಧ್ರ ಮಾಡಿ ದ್ರವಕ್ಕೆ ಬೇರೆ ದಾರಿ ಕೊಡುತ್ತಾರೆ. ಸಾಮಾನ್ಯವಾಗಿ ಇನ್ನೊಂದು ಕಣ್ಣಿಗೂ ಮಾಡುತ್ತಾರೆ, ಯಾಕೆಂದರೆ ಅದರ ಕೋನವೂ ಇಕ್ಕಟ್ಟೇ ಇರುತ್ತದೆ.

ಇದರ ಹೊರತಾಗಿಯೂ ತಕ್ಷಣ ಹೋಗಬೇಕಾದ ಸಂದರ್ಭಗಳಿವೆ. ಒಂದು ಕಣ್ಣಿನ ದೃಷ್ಟಿ ದಿಢೀರ್ ಹೋದರೆ. ಕಣ್ಣ ಮುಂದೆ ಪರದೆ ಇಳಿದಂತಾದರೆ. ದಿಢೀರನೆ ಒಂದು ವಸ್ತು ಎರಡಾಗಿ ಕಂಡರೆ, ರೆಪ್ಪೆ ಜೋತುಬಿದ್ದರೆ, ಮಾತು ತೊದಲಿದರೆ. ಇವನ್ನು ಮಾತ್ರೆಯ ತಲೆಗೆ ಕಟ್ಟಿ ಕೂರಬಾರದು.

ಹಂತ 1: ನೀವು ನುಂಗುತ್ತಿರುವುದು ಯಾವ ಮಾತ್ರೆ?

ಸುಮ್ನೆ ಕೇಳುವ ಪ್ರಶ್ನೆ ಅಲ್ಲ ಇದು. ಎಷ್ಟೋ ಜನಕ್ಕೆ ತಾವು ಖಿನ್ನತೆಯ ಮಾತ್ರೆ ತಗೊಳ್ಳುತ್ತಿದ್ದೇವೆ ಅಂತಲೇ ಗೊತ್ತಿರುವುದಿಲ್ಲ. ಮೈಗ್ರೇನ್‌ಗೆ, ನರದ ನೋವಿಗೆ ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಬರೆದುಕೊಡುತ್ತಾರೆ. ಸಕ್ಕರೆ ಕಾಯಿಲೆಯವರ ಪಾದದ ಉರಿಗೆ ಡುಲೋಕ್ಸೆಟಿನ್ ಕೊಡುತ್ತಾರೆ. ಬೆನ್ನುನೋವಿನ ಮಾತ್ರೆಯಲ್ಲಿ ನಾರ್ಟ್ರಿಪ್ಟಿಲಿನ್ ಜೊತೆ ಪ್ರೀಗ್ಯಾಬಲಿನ್ ಸೇರಿಸಿರುತ್ತಾರೆ. ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ನಾರ್ಟ್ರಿಪ್ಟಿಲಿನ್ ಮೂರೂ ಖಿನ್ನತೆಯ ಮಾತ್ರೆಗಳೇ, ಕಣ್ಣಿಗೆ ಮಾಡುವ ಕೆಲಸವೂ ಅದೇ. ಪ್ರೀಗ್ಯಾಬಲಿನ್ ಈ ಕುಟುಂಬದ್ದಲ್ಲ, ಆದರೆ ಅದೂ ಕಣ್ಣು ಮಂಜು ಮಾಡಬಲ್ಲದು. ನಿದ್ದೆಗೆ ಕೊಡುವ ಕ್ಲೋನಾಜೆಪಾಮ್‌ನಿಂದ ಕೆಲವರಿಗೆ ಎರಡೆರಡು ಕಾಣುತ್ತದೆ.

ಸ್ಟ್ರಿಪ್‌ನ ಹಿಂಭಾಗದಲ್ಲಿ ಕಂಪನಿ ಇಟ್ಟ ಹೆಸರಿನ ಜೊತೆಗೆ ಔಷಧಿಯ ನಿಜವಾದ ಹೆಸರೂ ಇರುತ್ತದೆ. ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಕಣ್ಣಿನ ದೃಷ್ಟಿಯಿಂದ ಹೆಚ್ಚು ಕಾಟ ಕೊಡುವುದು ಹಳೆಯ ಗುಂಪು: ಅಮಿಟ್ರಿಪ್ಟಿಲಿನ್, ನಾರ್ಟ್ರಿಪ್ಟಿಲಿನ್, ಇಮಿಪ್ರಮಿನ್, ಕ್ಲೋಮಿಪ್ರಮಿನ್, ಡೋಥಿಪಿನ್. ಹತ್ತಿರದ್ದನ್ನು ನೋಡಲು ಕಣ್ಣು ಬಳಸುವ ಸ್ನಾಯುವನ್ನೂ ಪಾಪೆ ಕಿರಿದು ಮಾಡುವ ಸ್ನಾಯುವನ್ನೂ ಇವು ಸಡಿಲ ಮಾಡುತ್ತವೆ. ಕಣ್ಣೀರು, ಎಂಜಲು ಎರಡನ್ನೂ ಒಣಗಿಸುತ್ತವೆ. ಬಾಯಿ ಒಣಗುತ್ತಿದೆ, ಮಲಬದ್ಧತೆ ಆಗಿದೆ, ಜೊತೆಗೆ ಓದಲು ಕಷ್ಟ ಅಂದರೆ ಮೂರಕ್ಕೂ ಮೂಲ ಒಂದೇ ಇರಬಹುದು. ಎಸ್ಸಿಟಲೋಪ್ರಾಮ್, ಸರ್ಟ್ರಲಿನ್, ಫ್ಲುಆಕ್ಸೆಟಿನ್‌ಗಳಿಂದ ಇದು ಕಡಿಮೆ. ಪಾಪೆ ಸ್ವಲ್ಪ ಹಿಗ್ಗುತ್ತದೆ, ಕಣ್ಣು ಒಣಗುತ್ತದೆ. ಇದೇ ಗುಂಪಿನ ಪ್ಯಾರೊಕ್ಸೆಟಿನ್ ಮಾತ್ರ ಒಣಗಿಸುವುದರಲ್ಲಿ ಸ್ವಲ್ಪ ಮುಂದು. ವೆನ್ಲಫ್ಯಾಕ್ಸಿನ್, ಡುಲೋಕ್ಸೆಟಿನ್‌ಗಳೂ ಪಾಪೆ ಹಿಗ್ಗಿಸುತ್ತವೆ.

ಹಂತ 2: ನಿಮ್ಮ ಕಣ್ಣಿನ ಕೋನ ಎಂಥದ್ದು ಅಂತ ತಿಳಿದುಕೊಳ್ಳಿ

ಸಾಧ್ಯವಿದ್ದರೆ ಇದನ್ನು ಮಾತ್ರೆ ಶುರುವಾಗುವ ಮೊದಲೇ ಮಾಡಿಸಿ. ಆಗಲೇ ಶುರುವಾಗಿದ್ದರೂ ತಡವಾಗಿಲ್ಲ. 40 ದಾಟಿದವರು, ಅದರಲ್ಲೂ ಹೆಂಗಸರು, ದೂರ ನೋಡಲೂ ಪ್ಲಸ್ ಪವರ್ ಕನ್ನಡಕ ಹಾಕುವವರು, ಅಪ್ಪ ಅಮ್ಮ ಅಣ್ಣ ತಂಗಿಯರಲ್ಲಿ ಯಾರಿಗಾದರೂ ಈ ಬಗೆಯ ಗ್ಲಾಕೋಮಾ ಇರುವವರು ಹೆಚ್ಚು ಎಚ್ಚರವಾಗಿರಬೇಕು. ಏಷ್ಯಾದ ಜನರಲ್ಲಿ ಇಕ್ಕಟ್ಟು ಕೋನ ಯುರೋಪಿನವರಿಗಿಂತ ಜಾಸ್ತಿ. ಮೈನಸ್ ಪವರ್ ಇರುವವರಿಗೆ ಅಪಾಯ ಕಡಿಮೆ. ಪೊರೆ ಆಪರೇಷನ್ ಆಗಿ ಲೆನ್ಸ್ ಹಾಕಿಸಿಕೊಂಡವರಿಗೆ ಇನ್ನೂ ಕಡಿಮೆ.

ಕನ್ನಡಕದ ಅಂಗಡಿಯ ಕಂಪ್ಯೂಟರ್ ಟೆಸ್ಟ್‌ನಲ್ಲಿ ಇದು ಗೊತ್ತಾಗುವುದಿಲ್ಲ. ಕಣ್ಣಿನ ಡಾಕ್ಟರು ಗೋನಿಯೋಸ್ಕೋಪಿ ಎಂಬ ಪರೀಕ್ಷೆ ಮಾಡಬೇಕು. ಮರಗಟ್ಟಿಸುವ ಡ್ರಾಪ್ಸ್ ಹಾಕಿ, ಕಣ್ಣಿಗೆ ಒಂದು ಕನ್ನಡಿ ಲೆನ್ಸ್ ತಾಗಿಸಿ ಕೋನವನ್ನು ನೇರವಾಗಿ ನೋಡುತ್ತಾರೆ. ನೋವಾಗುವುದಿಲ್ಲ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವ ಮೊದಲು ಇದು ಆಗಬೇಕು. ಹಾಗಾಗಿ "ನಾನು ಈ ಮಾತ್ರೆ ತಗೊಳ್ತೀನಿ, ಡ್ರಾಪ್ಸ್ ಹಾಕೋ ಮುಂಚೆ ಆಂಗಲ್ ನೋಡ್ತೀರಾ ಡಾಕ್ಟ್ರೇ?" ಅಂತ ಸಂಕೋಚವಿಲ್ಲದೆ ಕೇಳಿ. ಕೋನ ಇಕ್ಕಟ್ಟಾಗಿದೆ ಅಂದರೆ ಲೇಸರ್ ಬೇಕಾ ಅನ್ನುವುದನ್ನು ಅವರೇ ತೀರ್ಮಾನಿಸುತ್ತಾರೆ. ಲೇಸರ್ ಆದಮೇಲೆ ಈ ಮಾತ್ರೆಗಳನ್ನು ಹೆಚ್ಚಿನವರು ನಿರಾತಂಕವಾಗಿ ಮುಂದುವರಿಸಬಹುದು.

ಗ್ಲಾಕೋಮಾ ಇದೆ ಅಂತ ಮೊದಲೇ ಹೇಳಿಸಿಕೊಂಡವರು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಹೆಚ್ಚಿನವರಿಗೆ ಇರುವುದು ಕೋನ ತೆರೆದಿರುವ ಬಗೆ. ಮೇಲೆ ಹೇಳಿದ ದಾಳಿ ಬರುವುದು ಮುಚ್ಚುವ ಬಗೆಯಲ್ಲಿ. "ನಂದು ಓಪನ್ನಾ, ಕ್ಲೋಸ್ಡಾ?" ಅಂತ ಕೇಳಿ ಫೈಲಿನ ಮೇಲೆ ಬರೆಸಿಕೊಳ್ಳಿ.

ಹಂತ 3: ಮನೆಯಲ್ಲಿ ನೋಡಿಕೊಳ್ಳುವ ಬಗೆ

ದಿನಕ್ಕೆ ಒಂದು ಸಲ ಸಾಕು. ಗಂಟೆಗೊಮ್ಮೆ ಕನ್ನಡಿ ಮುಂದೆ ನಿಂತರೆ ಆತಂಕ ಏರುತ್ತದೆ, ಆತಂಕಕ್ಕೂ ಪಾಪೆ ಹಿಗ್ಗುತ್ತದೆ. ಬೆಳಿಗ್ಗೆ ಒಂದೇ ಹೊತ್ತು, ಒಂದೇ ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ನಿಲ್ಲಿ.

ಮೊದಲು ಪಾಪೆ. ನಮ್ಮಲ್ಲಿ ಹೆಚ್ಚಿನವರ ಕಣ್ಣು ಕಡು ಕಂದು. ಕಪ್ಪು ಪಾಪೆ ಎಲ್ಲಿ ಮುಗಿದು ಕಂದು ಎಲ್ಲಿ ಶುರುವಾಯಿತು ಅಂತ ಕನ್ನಡಿಯಲ್ಲಿ ಸುಲಭವಾಗಿ ಕಾಣುವುದಿಲ್ಲ. ಮನೆಯವರೊಬ್ಬರಿಗೆ ಹೇಳಿ ಫ್ಲ್ಯಾಶ್ ಇಲ್ಲದೆ ಹತ್ತಿರದಿಂದ ಫೋಟೋ ತೆಗೆಸಿ. ಎರಡೂ ಪಾಪೆ ಸಮ ಇವೆಯಾ ನೋಡಿ. ಆಮೇಲೆ ಎರಡು ಕಣ್ಣನ್ನೂ ಅಂಗೈಯಿಂದ ಹತ್ತು ಸೆಕೆಂಡು ಮುಚ್ಚಿ ತೆಗೆಯಿರಿ. ಬೆಳಕು ಬಿದ್ದ ಕೂಡಲೇ ಪಾಪೆ ಕಿರಿದಾಗಬೇಕು. ದೊಡ್ಡದಿದ್ದರೂ ಎರಡೂ ಸಮ ಇದ್ದು, ಬೆಳಕಿಗೆ ಕಿರಿದಾಗುತ್ತಿದ್ದು, ನೋವಿಲ್ಲದಿದ್ದರೆ ಅದು ಮಾತ್ರೆಯ ಸಾಮಾನ್ಯ ಪರಿಣಾಮ. ಹಳೆಯ ಫೋಟೋ ಒಂದನ್ನು ಜೊತೆಗಿಟ್ಟು ಹೋಲಿಸಿ: ಕೆಲವರಿಗೆ ಹುಟ್ಟಿನಿಂದಲೇ ಎರಡು ಪಾಪೆಗಳಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ.

ಹತ್ತಿರದ ದೃಷ್ಟಿಗೆ ಮಾತ್ರೆಯ ಸ್ಟ್ರಿಪ್ಪೇ ಸಾಕು. ಓದುವ ಕನ್ನಡಕ ಇದ್ದರೆ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಎಕ್ಸ್‌ಪೈರಿ ತಾರೀಕು ಓದಿ. ಆಮೇಲೆ ಇನ್ನೊಂದು ಕಣ್ಣು. ದೂರಕ್ಕೆ ಗೋಡೆಯ ಕ್ಯಾಲೆಂಡರ್: ತಾರೀಕಿನ ಕೆಳಗೆ ತಿಥಿ, ನಕ್ಷತ್ರ ಅಂತ ಸಣ್ಣ ಅಕ್ಷರ ಇರುತ್ತದಲ್ವಾ, ಅದು ಎಷ್ಟು ದೂರದಿಂದ ಕಾಣುತ್ತದೆ ಅಂತ ನೆಲದ ಮೇಲೆ ಒಂದು ಗುರುತು ಮಾಡಿಕೊಳ್ಳಿ. ಕೊನೆಗೆ ಕಿಟಕಿಯ ಗ್ರಿಲ್. ಒಂದೊಂದೇ ಕಣ್ಣಿನಿಂದ ನೋಡಿದಾಗ ನೇರ ಸರಳು ಡೊಂಕಾಗಿ ಕಂಡರೆ, ನಡುವೆ ಒಂದು ತುಂಡು ಕಾಣೆಯಾದರೆ, ಅದು ಮಾತ್ರೆಯ ಸಾಮಾನ್ಯ ಮಂಜು ಅಲ್ಲ. ಕಣ್ಣಿನ ಹಿಂದಿನ ಪರದೆ ತೋರಿಸಬೇಕು.

ಕಂಡದ್ದನ್ನು ಬರೆದಿಡಿ. ಉದ್ದ ಬೇಡ. ಹೀಗಿದ್ದರೆ ಡಾಕ್ಟರಿಗೆ ಚಿನ್ನ:

"ಮಂಗಳವಾರ. ಎಸ್ಸಿಟಲೋಪ್ರಾಮ್ 10ರಿಂದ 15 ಆಗಿ ಮೂರನೇ ದಿನ. ಹತ್ತಿರದ್ದು ಮಂಜು, ಎರಡೂ ಕಣ್ಣು. ದೂರ ಸರಿ. ನೋವಿಲ್ಲ. ಬೆಳಿಗ್ಗೆ ನೆಗಡಿ ಮಾತ್ರೆ ಒಂದು ತಗೊಂಡೆ."

ಹಂತ 4: ಕಂಡದ್ದಕ್ಕೆ ಅರ್ಥ ಏನು?

ಒಂದೇ ಕಣ್ಣಾ, ಎರಡೂನಾ? ಇದನ್ನು ಮೊದಲು ಕೇಳಿಕೊಳ್ಳಿ. ನುಂಗಿದ ಮಾತ್ರೆ ರಕ್ತದಲ್ಲಿ ಸೇರಿ ಎರಡೂ ಕಣ್ಣಿಗೆ ಹೋಗುತ್ತದೆ. ಮೇಲೆ ಹೇಳಿದ ಕೋನ ಮುಚ್ಚುವ ದಾಳಿ ಬಿಟ್ಟರೆ, ಒಂದೇ ಪಾಪೆ ದೊಡ್ಡದಾದಾಗ ಮಾತ್ರೆ ಕಾರಣ ಆಗಿರುವುದು ಅಪರೂಪ. ಹಳ್ಳಿ ಕಡೆ ಇದಕ್ಕೆ ಒಂದು ವಿಚಿತ್ರ ಕಾರಣ ಇದೆ: ಉಮ್ಮತ್ತಿ ಗಿಡ. ಕಳೆ ಕೀಳುವಾಗ ಅದರ ರಸ ಕೈಗೆ ತಾಗಿ, ಆ ಕೈಯಿಂದ ಕಣ್ಣು ಉಜ್ಜಿದರೆ ಆ ಕಣ್ಣಿನ ಪಾಪೆ ಒಂದೆರಡು ದಿನ ಹಿಗ್ಗಿ ನಿಲ್ಲುತ್ತದೆ. ಹಾಗಂತ ಊಹೆ ಮಾಡಿ ಮನೆಯಲ್ಲಿ ಕೂರಬೇಡಿ. ಹೊಸದಾಗಿ ಒಂದೇ ಪಾಪೆ ದೊಡ್ಡದಾಗಿದ್ದರೆ, ಅದರಲ್ಲೂ ತಲೆನೋವು ಅಥವಾ ರೆಪ್ಪೆ ಜೋತುಬಿದ್ದಿದ್ದರೆ, ಅದೇ ದಿನ ಆಸ್ಪತ್ರೆಗೆ ಹೋಗಿ ಉಮ್ಮತ್ತಿ ವಿಷಯ ಅಲ್ಲಿ ಹೇಳಿ.

ಎರಡೂ ಕಣ್ಣಲ್ಲಿ ಹತ್ತಿರದ್ದು ಮಂಜು, ನೋವಿಲ್ಲ: ಮೊದಲ ವಾರಗಳಲ್ಲಿ, ಡೋಸ್ ಏರಿಸಿದಾಗ ಬರುವುದು ಇದೇ. ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಈ ಹೊತ್ತಲ್ಲಿ ಕನ್ನಡಕದ ನಂಬರ್ ಬದಲಿಸಿದರೆ ದುಡ್ಡು ದಂಡ, ಆಮೇಲೆ ಆ ನಂಬರ್ ಹೊಂದುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಮೊದಲು ಸಕ್ಕರೆ ನೋಡಿಸಿ, ಅದು ಏರಿಳಿದರೂ ಕಣ್ಣು ಮಂಜಾಗುತ್ತದೆ.

ಕಣ್ಣಲ್ಲಿ ಮರಳು ಬಿದ್ದಂತೆ ಉರಿ, ರೆಪ್ಪೆ ಬಡಿದರೆ ಸ್ವಲ್ಪ ಹೊತ್ತು ಸ್ಪಷ್ಟ: ಇದು ಒಣಗಣ್ಣು. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೇಡ. ಫೋನ್ ನೋಡುವಾಗ ರೆಪ್ಪೆ ಬಡಿಯುವುದು ನೆನಪಿರಲಿ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇರುವ ಕಣ್ಣೀರಿನ ಡ್ರಾಪ್ಸ್ ಸಾಕಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕಣ್ಣು ಕೆಂಪು ಅಂದ ಕೂಡಲೇ ಸ್ಟಿರಾಯ್ಡ್ ಇರುವ ಡ್ರಾಪ್ಸ್ ಕೊಟ್ಟರೆ ಬೇಡ ಅನ್ನಿ.

ರೆಪ್ಪೆ ಅದುರುವುದಕ್ಕೆ ಶಕುನ ನೋಡುವವರು ನೋಡಲಿ. ನಿದ್ದೆಗೇಡಿಗೂ ಕಾಫಿಗೂ ಈ ಮಾತ್ರೆಗಳಿಗೂ ರೆಪ್ಪೆ ಅದುರುತ್ತದೆ, ಅಷ್ಟೇ.

ಕೈ ಆಡಿಸಿದರೆ ಹಿಂದೆ ಅದರ ನೆರಳು ಎಳೆದುಕೊಂಡು ಬಂದಂತೆ ಕಾಣುವುದು ಟ್ರಾಜೊಡೋನ್, ಮಿರ್ಟಾಜಪಿನ್ ತಗೊಳ್ಳುವ ಕೆಲವರಲ್ಲಿ ಕಂಡುಬಂದಿದೆ. ಹುಚ್ಚು ಅಂದುಕೊಂಡು ಹೇಳದೆ ಇರುತ್ತಾರೆ. ಮನೋವೈದ್ಯರಿಗೆ ಹೇಳಿ, ಡೋಸ್ ನೋಡುತ್ತಾರೆ.

ಪಾಪೆ ಹಿಗ್ಗಿರುವುದರ ಜೊತೆಗೆ ಮೈ ನಡುಕ, ವಿಪರೀತ ಬೆವರು, ಜ್ವರ, ಭೇದಿ, ಚಡಪಡಿಕೆ, ಕಣ್ಣುಗುಡ್ಡೆ ತಾನಾಗಿ ಆಡುವುದು ಇದ್ದರೆ ತೊಂದರೆ ಬರೀ ಕಣ್ಣಿನದಲ್ಲ. ಇದು ಸೆರಟೋನಿನ್ ಸಿಂಡ್ರೋಮ್ ಇರಬಹುದು, ಅಂದರೆ ಈ ಮಾತ್ರೆಗಳು ಏರಿಸುವ ಸೆರಟೋನಿನ್ ಎಂಬ ರಾಸಾಯನಿಕ ಮೈಯಲ್ಲಿ ಅತಿಯಾಗುವುದು. ಹೆಚ್ಚಾಗಿ ಹೊಸ ಔಷಧಿ ಸೇರಿದ ಅಥವಾ ಡೋಸ್ ಏರಿಸಿದ 24 ಗಂಟೆಯೊಳಗೆ ಬರುತ್ತದೆ. ಮುಂದಿನ ಡೋಸ್ ನುಂಗದೆ ತುರ್ತು ವಿಭಾಗಕ್ಕೆ ಹೋಗಿ.

ಹಂತ 5: ಜೊತೆಗೆ ಸೇರಿಕೊಂಡಿರುವುದು ಏನು?

ಎಷ್ಟೋ ಸಲ ತಿಂಗಳುಗಟ್ಟಲೆ ಸುಮ್ಮನಿದ್ದ ಮಾತ್ರೆ ತೊಂದರೆ ಕೊಡುವುದು ಇನ್ನೊಂದು ಸೇರಿದಾಗ. ನಮ್ಮ ಅಂಗಡಿಗಳಲ್ಲಿ ಸಿಗುವ ನೆಗಡಿ ಮಾತ್ರೆಗಳಲ್ಲಿ ಹೆಚ್ಚಾಗಿ ಫಿನೈಲ್‌ಎಫ್ರಿನ್, ಕ್ಲೋರ್ಫೆನಿರಮಿನ್ ಇರುತ್ತವೆ. ಎರಡೂ ಪಾಪೆ ಹಿಗ್ಗಿಸುವ ಕಡೆಗೇ ಎಳೆಯುತ್ತವೆ. ಹೊಟ್ಟೆನುಲಿತಕ್ಕೆ ಕೊಡುವ ಡೈಸೈಕ್ಲೋಮಿನ್ ಕೂಡ ಹಾಗೇ. ಕಣ್ಣಿನ ಕೆಂಪು ಹೋಗಿಸುವ ನ್ಯಾಫಜೋಲಿನ್ ಡ್ರಾಪ್ಸ್ ಕೂಡ. ಕೋನ ಇಕ್ಕಟ್ಟಿರುವವರು ಇವನ್ನು ಕೇಳದೆ ತಗೊಳ್ಳಲೇಬಾರದು.

ಸೆರಟೋನಿನ್ ಏರಿಸುವ ಕಡೆಯಿಂದ ನೋಡಿದರೆ ನೋವಿನ ಟ್ರಮಡಾಲ್, ಒಣಕೆಮ್ಮಿನ ಸಿರಪ್ಪಿನ ಡೆಕ್ಸ್‌ಟ್ರೋಮೆಥಾರ್ಫಾನ್, ಲಿನೆಜೋಲಿಡ್ ಆಂಟಿಬಯೋಟಿಕ್ ಈ ಮೂರು ಹೆಸರು ನೆನಪಿರಲಿ.

ಮೈಗ್ರೇನ್‌ಗೆ ಟೊಪಿರಮೇಟ್ ಸೇರಿಸಿದ್ದರೆ ಬೇರೆ ಎಚ್ಚರಿಕೆ. ಶುರುವಾದ ಮೊದಲ ತಿಂಗಳಲ್ಲಿ ಎರಡೂ ಕಣ್ಣಿಗೆ ದೂರದ್ದು ದಿಢೀರ್ ಮಂಜಾಗಿ, ಕಣ್ಣು ನೋಯಲು ಶುರುವಾದರೆ ಅವತ್ತೇ ಹೋಗಿ. ಅದೂ ಕೋನ ಮುಚ್ಚುವ ತೊಂದರೆಯೇ, ಆದರೆ ಮುಚ್ಚುವ ರೀತಿ ಬೇರೆ. ಲೇಸರ್ ಅದಕ್ಕೆ ಕೆಲಸ ಮಾಡುವುದಿಲ್ಲ, ಟೊಪಿರಮೇಟ್ ನಿಲ್ಲಿಸಬೇಕು. ಹಾಗಾಗಿ ಅದರ ಹೆಸರು ಹೇಳುವುದು ಬಹಳ ಮುಖ್ಯ.

ಗಂಡಸರು ಹೇಳಲು ನಾಚುವ ಒಂದು ವಿಷಯ. ಈ ಮಾತ್ರೆಗಳಿಂದ ಲೈಂಗಿಕ ತೊಂದರೆಯಾಗಿ ಕೆಲವರು ಸಿಲ್ಡೆನಾಫಿಲ್ ತಗೊಳ್ಳುತ್ತಾರೆ. ಅದರಿಂದ ಸ್ವಲ್ಪ ಹೊತ್ತು ಎಲ್ಲವೂ ನೀಲಿ ಛಾಯೆಯಲ್ಲಿ ಕಾಣಬಹುದು. ಅದು ಹೋಗುತ್ತದೆ. ಆದರೆ ಒಂದು ಕಣ್ಣಿನ ದೃಷ್ಟಿ ಹಠಾತ್ ಕುಗ್ಗಿದರೆ ತುರ್ತು.

ಹಂತ 6: ಇಬ್ಬರು ಡಾಕ್ಟರಿಗೂ ಹೇಳಿ

ಕಣ್ಣಾಸ್ಪತ್ರೆಯಲ್ಲಿ ದಿನಾ ನಡೆಯುವ ಮಾತು ಇದು.

"ಬೇರೆ ಏನಾದ್ರೂ ಮಾತ್ರೆ ತಗೊಳ್ತೀರಾ ಅಮ್ಮಾ?"

"ಬಿಪಿದು ಒಂದು ತಗೊಳ್ತೀನಿ ಸಾರ್. ಅಷ್ಟೇ."

ಪಕ್ಕದಲ್ಲಿ ಸೊಸೆ ಕೂತಿದ್ದಾಳೆ, ಹಿಂದೆ ಸಾಲು ನಿಂತಿದೆ. ಮನಸ್ಸಿನ ಮಾತ್ರೆಯ ಹೆಸರು ಬಾಯಿಗೆ ಬರುವುದಿಲ್ಲ. ಆ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಡಾಕ್ಟರು ಕಾರಣ ಹುಡುಕಬೇಕಾದ ಜಾಗವೇ ಅದು. ಬಾಯಲ್ಲಿ ಹೇಳಲು ಆಗದಿದ್ದರೆ ಚೀಟಿಯಲ್ಲಿ ಎಲ್ಲಾ ಔಷಧಿಯ ಹೆಸರು, ಡೋಸ್, ಶುರುವಾದ ತಾರೀಕು ಬರೆದು ಕೈಗೆ ಕೊಡಿ. ಒಂದೂ ಮಾತಾಡಬೇಕಿಲ್ಲ.

ಅತ್ತ ಮನೋವೈದ್ಯರ ಹತ್ತಿರವೂ ಅಷ್ಟೇ. ನಿದ್ದೆ, ಊಟ, ಮನಸ್ಸು ಕೇಳುತ್ತಾರೆ. ಕಣ್ಣಿನದು ನೀವೇ ಎತ್ತಬೇಕು. ಅವರ ಕೈಯಲ್ಲಿ ದಾರಿಗಳು ಬಹಳ ಇವೆ: ಡೋಸ್ ಇಳಿಸುವುದು, ನಿಧಾನವಾಗಿ ಏರಿಸುವುದು, ಅಮಿಟ್ರಿಪ್ಟಿಲಿನ್ ಬದಲು ಒಣಗಿಸುವ ಗುಣ ಕಡಿಮೆ ಇರುವ ಮಾತ್ರೆ ಕೊಡುವುದು. ಕಣ್ಣಿನ ಡಾಕ್ಟರು ಬರೆದ ಕೋನದ ವರದಿ ಜೊತೆಗಿದ್ದರೆ ಆಯ್ಕೆ ಸುಲಭ.

ಹಂತ 7: ನೀವಾಗಿ ನಿಲ್ಲಿಸಬೇಡಿ

ಕಣ್ಣು ಸ್ವಲ್ಪ ಮಂಜಾಯಿತು ಅಂತ ಮಾತ್ರೆ ಒಮ್ಮೆಲೇ ಬಿಟ್ಟರೆ ಇನ್ನೊಂದು ಬಗೆಯ ಕಾಟ ಶುರುವಾಗುತ್ತದೆ. ತಲೆಸುತ್ತು, ನಿದ್ದೆಗೇಡು, ಸಿಡುಕು. ಕಣ್ಣನ್ನು ಪಕ್ಕಕ್ಕೆ ಹೊರಳಿಸಿದಾಗ ತಲೆಯೊಳಗೆ ಕರೆಂಟ್ ಹೊಡೆದಂತೆ ಝುಮ್ ಅನ್ನುವುದು. ಪ್ಯಾರೊಕ್ಸೆಟಿನ್, ವೆನ್ಲಫ್ಯಾಕ್ಸಿನ್ ಬಿಟ್ಟವರಿಗೆ ಇದು ಜಾಸ್ತಿ, ಯಾಕೆಂದರೆ ಅವು ಮೈಯಿಂದ ಬೇಗ ಖಾಲಿಯಾಗುತ್ತವೆ. ಫ್ಲುಆಕ್ಸೆಟಿನ್ ವಾರಗಟ್ಟಲೆ ಉಳಿಯುವುದರಿಂದ ಅದರಲ್ಲಿ ಕಡಿಮೆ. ಇದನ್ನು ಕಣ್ಣಿನ ರೋಗ ಅಂದುಕೊಂಡು ಕಣ್ಣಾಸ್ಪತ್ರೆಗೆ ಹೋಗುವವರೂ ಇದ್ದಾರೆ. ಇದಕ್ಕಿಂತ ದೊಡ್ಡ ಅಪಾಯ ಖಿನ್ನತೆ ಮರಳುವುದು. ಮೇಲೆ ಹೇಳಿದ ತುರ್ತು ಲಕ್ಷಣ ಇದ್ದರೆ ಆಸ್ಪತ್ರೆಯವರೇ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಫೋನ್ ಮಾಡಿ ಕೇಳಿ, ಹಂತಹಂತವಾಗಿ ಇಳಿಸಿ. ಮಾತ್ರೆ ಈಗಾಗಲೇ ಬಿಟ್ಟು ಮನಸ್ಸು ಕುಸಿದಿದ್ದರೆ, ಸಾಯುವ ಯೋಚನೆ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡುತ್ತಾರೆ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ.

ಕಣ್ಣು ಮಂಜಾಗಿರುವ ದಿನಗಳಲ್ಲಿ ರಾತ್ರಿ ಬೈಕ್, ಕಾರು ಓಡಿಸಬೇಡಿ. ಬಿಸಿಲಿಗೆ ಟೋಪಿ, ತಂಪು ಕನ್ನಡಕ ಹಾಕಿಕೊಳ್ಳಿ.

ವರದಿ ಮಾಡುವುದು

ಔಷಧಿಯ ಅಡ್ಡಪರಿಣಾಮವನ್ನು ರೋಗಿಯೇ ಸರ್ಕಾರಕ್ಕೆ ತಿಳಿಸಬಹುದು. ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ನಡೆಸುವ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024. ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಫಾರ್ಮಕಾಲಜಿ ವಿಭಾಗದಲ್ಲೂ ಫಾರಂ ಸಿಗುತ್ತದೆ. ಕಣ್ಣಿಗೆ ಏನಾಯಿತು, ಯಾವತ್ತು ಶುರುವಾಯಿತು, ಜೊತೆಗೆ ಯಾವ ಔಷಧಿ ಇತ್ತು ಅಂತ ಕೇಳುತ್ತಾರೆ. ಬ್ಯಾಚ್ ನಂಬರ್ ಗೊತ್ತಿದ್ದರೆ ಒಳ್ಳೆಯದು, ಹಾಗಾಗಿ ಖಾಲಿಯಾದ ಸ್ಟ್ರಿಪ್ಪನ್ನು ಅಲ್ಲಿಯವರೆಗೆ ಎಸೆಯಬೇಡಿ.